ಮೊಬೈಲಿಗೆ ಬಂದ ಮುಯ್ಯಾಳು

ನಗಬಾರದು ಅಂತ ನಾನು ಬಾಯಿಗೆ ಸೆರಗು ಹಿಡಿದ ದಿನವೇ ನಮ್ಮ ಹೆಂಗಸರ ಸಂಘದಲ್ಲಿ ಏನಾದರೊಂದು ಆಗಿಬಿಡುತ್ತದೆ. ಕೂಟಗಲ್ ಕಡೆಯ ನಮ್ಮೂರಲ್ಲಿ ಮುಯ್ಯಾಳು ಅನ್ನೋದು ಹಿಂದಿನಿಂದ ಬಂದದ್ದು. ಇವತ್ತು ನಾನು ನಿನ್ನ ಹೊಲದಲ್ಲಿ ಕಳೆ ಕಿತ್ತರೆ ನಾಳೆ ನೀನು ನನ್ನ ಹೊಲಕ್ಕೆ ಬರಬೇಕು. ಕೂಲಿ ಇಲ್ಲ, ಮಧ್ಯಾಹ್ನದ ಊಟ ಮಾತ್ರ. ಯಾರು ಯಾರಿಗೆ ಬಾಕಿ ಅನ್ನೋ ಜಗಳದಲ್ಲಿ ಅದು ನಿಂತೇ ಹೋಗುವುದರಲ್ಲಿತ್ತು. ನಿಂತರೆ ಸಣ್ಣ ಹೊಲದವರೆಲ್ಲ ಬೀಳು ಬಿಡಬೇಕಿತ್ತು. ಆಗ ಬಿಸಿಎ ಓದಿದ ನನ್ನ ಸೊಸೆ ಒಂದು ಆ್ಯಪ್ ಮಾಡಿದಳು. ಹೋಗಿಬಂದದ್ದನ್ನು ನಾವು ಒತ್ತಿದರೆ ಸಾಕು, ನಾಳೆ ಯಾರು ಎಲ್ಲಿಗೆ ಅಂತ ಅದೇ ಹೇಳುತ್ತದೆ. ಸಂಘದ ಅಧ್ಯಕ್ಷೆಯಾಗಿ ಹೇಳ್ತೀನಿ, ಇಂಥದ್ದು ಪಟ್ಟಣದವರ ಹತ್ತಿರವೂ ಇಲ್ಲ. ಜಂಬ ಅಂದುಕೊಂಡರೂ ಪರವಾಗಿಲ್ಲ.

ಒಂದು ಹೊಲ, ಎರಡು ಫೋನು

ಊರಿನ ಜಗಳಗಳು ಆ್ಯಪಿಗೆ ಗೊತ್ತಿರಲಿಲ್ಲ. ವರ್ಷಗಳಿಂದ ಮಾತು ಬಿಟ್ಟಿದ್ದ ಇಬ್ಬರು ವಾರಗಿತ್ತಿಯರನ್ನು ಅದು ಒಂದೇ ರಾಗಿ ಹೊಲಕ್ಕೆ ಕಳಿಸಿತು, ಅದೂ ಅವರಿಬ್ಬರನ್ನೇ. ಚಿಕ್ಕವಳು ಬಿಟ್ಟು ಹೋದ ಗಿಡ ದೊಡ್ಡವಳ ಕಣ್ಣಿಗೆ ಬಿತ್ತು. ಹೇಳದೆ ಇರಲಾರಳು, ಹೇಳಿದರೆ ಮಾತಾಡಿದ ಹಾಗಾಗುತ್ತದೆ. ಸಂಘದ ವಾಟ್ಸಾಪ್ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕಿದಳು.

"ನನ್ನ ಎಡಗಡೆ ಕುಂತಿರೋರ್ಗೆ ಯಾರಾರ ಯೋಳಿ, ಅಣ್ಣೆಸೊಪ್ಪು ಕೀಳ್ದೆ ಬುಟ್ಕೊಂಡು ಓಯ್ತಾವ್ರೆ."

ಪಕ್ಕದ ಸಾಲಿನಿಂದ ಉತ್ತರವೂ ಗುಂಪಿಗೇ ಬಂತು. ಆ ಸೊಪ್ಪು ಸಾರಿಗೆ ಆಗುತ್ತದೆ, ಹೋಗುವಾಗ ಕಿತ್ತುಕೊಳ್ಳೋಣ ಅಂತ ಬೇಕಂತಲೇ ಬಿಟ್ಟದ್ದಂತೆ. ಹೀಗೆ ಸಂಜೆಯವರೆಗೂ ನಡೆಯಿತು, ಊರೆಲ್ಲ ಕೆಲಸ ಬಿಟ್ಟು ಕೇಳಿಸಿಕೊಂಡಿತು. ಹೊಲ ಚೊಕ್ಕಟವಾಯಿತು, ಸೊಪ್ಪನ್ನು ಇಬ್ಬರೂ ಸಮ ಹಂಚಿಕೊಂಡರು. ತಾವು ಮಾತು ಬಿಟ್ಟಿರೋದು ಹಾಗೇ ಇದೆ ಅಂತ ಇಬ್ಬರೂ ಗುಂಪಿಗೆ ತಿಳಿಸಿದರು.

ನಾಟಿಕೋಳಿಯ ಫಲ

ಕೆಲಸ ಹೇಗಿತ್ತು ಅಂತ ಸ್ಟಾರ್ ಕೊಡಲು ಸೊಸೆ ಜಾಗ ಇಟ್ಟಿದ್ದಳು. ನಮ್ಮ ಹೆಂಗಸರು ಊಟಕ್ಕೆ ಕೊಡತೊಡಗಿದರು. ಕೈಬಿಗಿ ಮಾಡಿ ನೀರುಸಾರು ಬಡಿಸಿದ ಒಬ್ಬಾಕೆಗೆ ಎಲ್ಲರೂ ಒಂದೊಂದೇ ಸ್ಟಾರ್ ಒತ್ತಿದರು. ಆಕೆಗೆ ರೋಷ ಬಂತು. ಮುಂದಿನ ಸಲ ಮುದ್ದೆ, ನಾಟಿಕೋಳಿ ಸಾರು ಮಾಡಿ ಹಾಕಿದಳು. ಐದೈದು ಸ್ಟಾರ್ ಬಿದ್ದವು.

ಈ ಹೊಲದಲ್ಲಿ ಗೇಯುವುದು ಎಲ್ಲರಿಗೂ ಇಷ್ಟ ಅಂತ ಆ್ಯಪ್ ತಿಳಿದುಕೊಂಡಿತು. ಮಾರನೇ ಬೆಳಿಗ್ಗೆ ಇಡೀ ಸಂಘವನ್ನು ಅಲ್ಲಿಗೇ ಕಳಿಸಿತು. ಆಕೆಯ ಹೊಲವೋ ಅಂಗೈಯಗಲ. ಬಿಸಿಲು ಏರುವ ಮೊದಲೇ ಕಳೆಯೆಲ್ಲ ಮುಗಿದುಹೋಯಿತು. ಊಟವಾಗದೆ ಯಾರೂ ಏಳಲಿಲ್ಲ.

"ಇನ್ನು ರಾಗೀನೇ ಕಿತ್ತಾಕ್ಬುಡಿ," ಅಂತ ಗೊಣಗುತ್ತ ಆಕೆ ಎರಡನೇ ಕೋಳಿ ಹಿಡಿಯಲು ಹೋದಳು.

ಅಜ್ಜಿಗೆ ಬಂದ ಮೆಸೇಜು

ಇದು ಮೊದಲಿಗೆ ನಗುವ ವಿಷಯವಾಗಿರಲಿಲ್ಲ. ನಮ್ಮ ಹಿಂದಿನ ಮನೆಯಲ್ಲಿ ಅಜ್ಜಿ, ತಾತ ಇದ್ದಾರೆ. ಜೊತೆಗಿರುವ ಮೊಮ್ಮಗಳು ದಿನಾ ಬಿಡದಿಯ ಕಾರ್ಖಾನೆಗೆ ಹೋಗಿಬರುತ್ತಾಳೆ. ಅಜ್ಜಿಗೆ ಮಂಡಿ ನೋವು, ತಾತನಿಗೆ ಸೊಂಟ ಹಿಡಿದಿದೆ. ಅವರ ರಾಗಿ ಕುಯ್ಲಿಗೆ ಬಂದಿತ್ತು, ಮೋಡವೂ ಕಟ್ಟಿತ್ತು. ಆಳು ಕೇಳಿದರೆ, ನೀವು ಯಾರ ಹೊಲಕ್ಕೂ ಹೋಗಿಲ್ಲ, ಆದ್ದರಿಂದ ಆಳಿಲ್ಲ ಅಂತ ಆ್ಯಪ್ ಹೇಳಿತು.

ಸೊಸೆಯನ್ನು ಕೇಳಿದೆ. ಒಬ್ಬರಿಗೆ ನಿಯಮ ಮುರಿದರೆ ನಾಳೆ ಯಾರೂ ನಂಬುವುದಿಲ್ಲ ಅಂದಳು. ಅವಳು ಹೇಳಿದ್ದೂ ಸರಿಯೇ. ಆದರೆ ನನಗೆ ಸಂಕಟವಾಯಿತು.

"ಒಲಕ್ಕೆ ಓಗೋದು ಮಾತ್ರ ಗೇಮೆಯೇನವ್ವ? ನಾವು ಓದಾಗ ನಮ್ಮ ಮಕ್ಳೆಲ್ಲ ಯಾರ ಜಗಲೀಲಿ ಇರ್ತವೆ?" ಅಂದೆ.

ಅವಳು ಅಲ್ಲೇ ಲ್ಯಾಪ್‌ಟಾಪ್ ತೆಗೆದಳು. ಅಜ್ಜಿ ಹಾಗೆ ಜಗಲಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದೂ ಮುಯ್ಯಿಯೇ ಅಂತ ಆ್ಯಪಿಗೆ ಸೇರಿಸಿದಳು. ಆವತ್ತು ಅವಳ ಮೇಲೆ ನನಗೆ ಬಂದ ಹೆಮ್ಮೆ ಹೇಳತೀರದು.

ಆದರೆ ನಮ್ಮವರು ಒತ್ತಿದ್ದು ಈ ವರ್ಷದ್ದನ್ನು ಮಾತ್ರವಲ್ಲ. ಈಗ ಕಾಲೇಜಿಗೆ ಹೋಗುವ ಮಕ್ಕಳ ತೊಟ್ಟಿಲನ್ನು ಅಜ್ಜಿ ತೂಗಿದ್ದನ್ನೂ ಸೇರಿಸಿ ಒತ್ತಿದರು. ಊರಿಗೆಲ್ಲ ಹೆಚ್ಚು ದುಡಿದವರ ಸಾಲಿನಲ್ಲಿ ಅಜ್ಜಿ ಮೊದಲು ನಿಂತಳು. ಬೆಳಗಾಗುತ್ತಲೇ ಕುಡುಗೋಲು ಹಿಡಿದು ಎಲ್ಲರೂ ಅವಳ ಹೊಲದಲ್ಲಿದ್ದರು. ಮಳೆ ಬೀಳುವ ಮೊದಲು ರಾಗಿಯೆಲ್ಲ ಮೆದೆಯಾಯಿತು.

ಅಷ್ಟರಲ್ಲಿ ಅಜ್ಜಿಯ ಫೋನು ಕೂಗಿತು. ಅತಿಯಾಗಿ ದುಡಿದವರನ್ನು ತಡೆಯುವ ನಿಯಮವೂ ಆ್ಯಪಿನಲ್ಲಿತ್ತು. ನೀವು ತುಂಬಾ ದಣಿದಿದ್ದೀರಿ, ಇನ್ನು ಯಾವ ಕೆಲಸವನ್ನೂ ಮಾಡದೆ ವಿಶ್ರಾಂತಿ ತೆಗೆದುಕೊಳ್ಳಿ ಅಂತ ಬಂದಿತ್ತು. ಕುಯ್ಲಿಗೆಂದು ರಜೆ ಹಾಕಿದ್ದ ಮೊಮ್ಮಗಳ ಕೈಲಿ ಅಜ್ಜಿ ಅದನ್ನು ಮತ್ತೆ ಮತ್ತೆ ಓದಿಸಿಕೊಂಡಳು.

"ಉಟ್ದಾಗ್ಲಿಂದ ಗೇಯ್ತಾ ಇವ್ನಿ ಕನವ್ವ. ಸುದಾರಿಸ್ಕೋ ಅಂತ ಒಬ್ರೂ ಯೋಳ್ನಿಲ್ಲ. ಇದ ನಿಮ್ ತಾತಂಗೂ ಒಸಿ ಗಟ್ಟಿಯಾಗಿ ಓದು. ಇವತ್ತು ಕಾಪಿ ಅವ್ರೇ ಕಾಯಿಸ್ಲಿ."

ಬದುವಿನ ಮೇಲೆ ಕೂತಿದ್ದ ತಾತ ಎಲ್ಲರ ಮುಖ ನೋಡಿ, ಎದ್ದು ಮನೆ ಕಡೆ ಹೋದರು. ಸ್ವಲ್ಪ ಹೊತ್ತಿಗೆ ಅವರ ಫೋನು ಬಂತು, ಸಕ್ಕರೆ ಡಬ್ಬ ಎಲ್ಲಿದೆ ಅಂತ.

ಅಜ್ಜಿ ಮೆದೆಗೆ ಒರಗಿ ಕಾಲು ಚಾಚಿದಳು. "ನಾನು ರೆಸ್ಟಲ್ಲಿವ್ನಿ. ಆಪನ್ನೇ ಕೇಳ್ಕಳಿ," ಅಂದು ಫೋನಿಟ್ಟಳು.