ಮಗ್ಗಕ್ಕೊಪ್ಪುವ ಕನ್ನಡಕ

ನಮ್ಮ ಮನೆಗೆ ಯಾವ ವಸ್ತುವೂ ಅಂಗಡಿಯಿಂದ ನೆಟ್ಟಗೆ ಬಂದದ್ದಿಲ್ಲ. ಬರುವಾಗ ಒಂದಾದರೂ ಪ್ರಸಂಗವನ್ನು ಸೆರಗಿಗೆ ಕಟ್ಟಿಕೊಂಡೇ ಬರುತ್ತದೆ. ಕನ್ನಡಕದ ವಿಷಯದಲ್ಲಂತೂ ಕನ್ನಡಕಕ್ಕಿಂತ ಪ್ರಸಂಗಗಳೇ ಮೊದಲು ಬಂದವು.

ಅವ್ವ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಾಳೆ. ಎಳೆ ಎಣಿಸಿ ಎಣಿಸಿ, ಸೀರೆಯ ಒಡಲ ತುಂಬ ಜರಿಯ ಗಿಳಿಗಳನ್ನು ಕೈಯಿಂದಲೇ ಕೂರಿಸುವುದು ಅವಳ ಹೆಗ್ಗಳಿಕೆ. ಈಚೆಗೆ ಎಳೆಗಳು ಮಸುಕಾಗಿ ಕೆಲಸ ನಿಧಾನವಾಯಿತು. ನೂಲು ಕೊಟ್ಟು ನೇಯಿಸುವ ಯಜಮಾನರು ಬಂದು ನೋಡಿ, "ಈ ಹಾಸು ಮುಗೀಲಿ ಅಕ್ಕಾ. ಮುಂದಿನದಕ್ಕೆ ಗಿಳಿ ಬ್ಯಾಡ, ಸಾದಾ ಸೀರೆ ನೇಯಿರಿ" ಎಂದರು. ಅಂದು ಅವ್ವ ಊಟ ಮಾಡಲಿಲ್ಲ. ಮಗ್ಗಕ್ಕೇರಿಸಿದ್ದ ಹಾಸಿನ ನೂಲಿನಲ್ಲಿ ಇನ್ನು ಎರಡೇ ಸೀರೆ ಉಳಿದಿದ್ದವು. ಅಷ್ಟರೊಳಗೆ ಅವಳ ಕಣ್ಣಿಗೊಪ್ಪುವ ಕನ್ನಡಕ ಬರಬೇಕಿತ್ತು. ಕನ್ನಡ ಎಂ.ಎ. ಮುಗಿಸಿ ಮನೆಯಲ್ಲಿದ್ದ ನಾನು ಆ ಹೊಣೆಯನ್ನು ವ್ರತದಂತೆ ಹೊತ್ತೆ.

ಸಂತೆಯ ಬುಟ್ಟಿ

ಮೊದಲ ಪ್ರಯತ್ನ ಸಂತೆಯಲ್ಲಿ. ಗಡಿಯಾಚೆಯಿಂದ ಬಂದ ವ್ಯಾಪಾರಿಯೊಬ್ಬ ಬುಟ್ಟಿಯ ತುಂಬ ಸಿದ್ಧ ಕನ್ನಡಕಗಳನ್ನಿಟ್ಟುಕೊಂಡು, "ಪೆಟ್ಟುಕೊನಿ ಚೂಡಮ್ಮಾ, ಹಾಕ್ಕೊಂಡು ನೋಡಮ್ಮಾ" ಎಂದು ತೆಲುಗು, ಕನ್ನಡ ಎರಡೂ ಭಾಷೆಗಳಲ್ಲಿ ಕರೆಯುತ್ತಿದ್ದ. ಕಣ್ಣಿನ ಪರೀಕ್ಷೆಯಿಲ್ಲದೆ ಕನ್ನಡಕ ಕೊಳ್ಳಬಾರದೆಂಬ ನನ್ನ ಉಪನ್ಯಾಸ ಪೀಠಿಕೆಯಲ್ಲಿರುವಾಗಲೇ ಅವ್ವ ಎಲ್ಲಕ್ಕಿಂತ ದಪ್ಪ ಗಾಜಿನದೊಂದನ್ನು ಮೂಗಿಗೇರಿಸಿ, ಪಕ್ಕದ ಈರುಳ್ಳಿ ರಾಶಿಯತ್ತ ಬಗ್ಗಿದಳು.

"ಏನಣ್ಣ, ಈ ಸಲ ಗಡ್ಡೆ ಇಷ್ಟು ದಪ್ಪ ಬಂದೈತೆ! ಎರಡು ಕೇಜಿ ಹಾಕು."

ಪರಶುರಾಂಪುರದ ಕಡೆಯ ಆ ರೈತ ತೂಗಿ ಚೀಲಕ್ಕೆ ಸುರಿದ. ಅವ್ವ ಕನ್ನಡಕ ತೆಗೆದು ಚೀಲದೊಳಗೆ ನೋಡಿದಳು. ಗೋಲಿಯಷ್ಟು ಗೋಲಿಯಷ್ಟು ಗಡ್ಡೆಗಳು.

"ಯಾವಾಗ ಬದ್ಲಾಯ್ಸಿದೆ ಇವನ್ನ?" ಎಂದು ಜಗಳಕ್ಕೇ ನಿಂತಳು.

ರೈತ ಕನ್ನಡಕದವನತ್ತ ತಿರುಗಿ ಕೂಗಿದ: "ಲೇ ತಮ್ಮಾ, ಬರೋ ಸಂತೆಗೂ ನನ್ನ ಪಕ್ಕಾನೇ ಬುಟ್ಟಿ ಇಡು. ಆದ್ರೆ ಯಾಪಾರ ಮುಗ್ಯೋವರ್ಗೂ ಯಾರ ಕಣ್ಣಿಂದಾನೂ ಕನ್ನಡಕ ಬಿಚ್ಚಿಸ್ಬ್ಯಾಡ!"

ಕನ್ನಡದ ಫಲಕ

ಎರಡನೆಯದು ಚಳ್ಳಕೆರೆಯ ಹೊಸ ಮಳಿಗೆ. ನಾಲ್ಕು ಗೋಡೆಗೂ ಕನ್ನಡಿ, ಕಂಪ್ಯೂಟರ್ ಪರೀಕ್ಷೆ. ಅಲ್ಲಿನ ತರುಣಿ ಇಂಗ್ಲಿಷ್ ಅಕ್ಷರಗಳ ಫಲಕ ತೋರಿಸಿ, "ಓದಿ ಅಮ್ಮಾ" ಎಂದಳು. ನನ್ನೊಳಗಿನ ಕನ್ನಡಾಭಿಮಾನ ಎದ್ದು ನಿಂತಿತು.

"ಈ ನೆಲದ ಕಣ್ಣನ್ನು ಪರನುಡಿಯಿಂದ ಅಳೆಯುವುದು ಯಾವ ನ್ಯಾಯ? ಕನ್ನಡದ ಫಲಕವಿಲ್ಲವೇ?"

ಸರದಿಯಲ್ಲಿ ಕುಳಿತಿದ್ದವರಲ್ಲಿ ಇಬ್ಬರು ಚಪ್ಪಾಳೆ ತಟ್ಟಿದರು. ತರುಣಿ ಪಾಪ, ಒಳಗೆಲ್ಲ ಹುಡುಕಿ, ಧೂಳು ಒರೆಸಿ, ಕನ್ನಡದ ಫಲಕವೊಂದನ್ನು ತಂದು ತೂಗುಹಾಕಿದಳು. ವಿಜಯೋತ್ಸಾಹದಿಂದ ನಾನು, "ಓದವ್ವಾ!" ಎಂದೆ.

ಅವ್ವ ನನ್ನತ್ತ ತಿರುಗಿದಳು. "ನಾನ್ಯಾವ ಇಸ್ಕೂಲಿಗೆ ಹೋಗೀನಲೇ? ಹದಿನೇಳು ವರ್ಷ ಓದಿರೋನು ನೀನು, ನೀನೇ ಓದು."

ಚಪ್ಪಾಳೆ ತಟ್ಟಿದವರು ಈಗ ಕೆಮ್ಮತೊಡಗಿದರು. ಕೊನೆಗೆ ಮೂರು ಹಲ್ಲಿನ ಗುರುತುಗಳು ದಿಕ್ಕುದಿಕ್ಕಿಗೆ ತಿರುಗಿ ನಿಂತ ಫಲಕ ಬಂತು. ಅವ್ವ ಅವನ್ನು ಬಾಚಣಿಗೆಗಳೆಂದು ತೀರ್ಮಾನಿಸಿ, "ಹಲ್ಲು ಮ್ಯಾಕೈತೆ, ಹಲ್ಲು ಕೆಳಗೈತೆ" ಎಂದು ಪಟಪಟನೆ ಹೇಳುತ್ತ ಹೋದಳು. ಅತಿ ಸಣ್ಣ ಸಾಲಿಗೆ ಬಂದಾಗ ಮಾತ್ರ ಕೈಚೆಲ್ಲಿದಳು: "ಬಿಡು ತಾಯಿ, ಈ ಬಾಚಣಿಗ್ಯಾಗೆ ಹೇನೂ ಸಿಗಲ್ಲ!"

ಅಕ್ಕಿಗೊಪ್ಪಿತು

ನಾಲ್ಕು ದಿನಕ್ಕೆ ಕನ್ನಡಕ ಕೈಸೇರಿತು. ಅವ್ವ ಮೊರದ ಅಕ್ಕಿಯಲ್ಲಿ ನುಚ್ಚುಕಲ್ಲನ್ನೂ ಬಿಡದೆ ಆರಿಸಿದಳು. ಅದೇ ಉತ್ಸಾಹದಲ್ಲಿ ತಲೆಯೆತ್ತಿ ಅಪ್ಪನ ಮುಖವನ್ನು ದಿಟ್ಟಿಸಿದಾಗ, ಅಪ್ಪ ಹೇಳಿಸಿಕೊಳ್ಳದೆಯೇ ಎದ್ದು ಕ್ಷೌರದಂಗಡಿಗೆ ಹೋದರು.

ಆದರೆ ಮಗ್ಗಕ್ಕೆ ಕುಳಿತರೆ ಎಲ್ಲವೂ ಮಂಜು. ಎಳೆ ಕಾಣಬೇಕೆಂದರೆ ಬಟ್ಟೆಗೆ ಮೂಗು ತಾಗುವಷ್ಟು ಬಗ್ಗಬೇಕು. ಬಗ್ಗಿದರೆ, ಎಳೆ ಬಡಿಯಲು ಎಳೆದ ಹಲಗೆ ಬಂದು ಹಣೆಗೇ ಬಡಿಯುತ್ತದೆ. ಮೂರನೆಯ ಪೆಟ್ಟಿಗೆ ಅವ್ವ ಕನ್ನಡಕ ಬಿಚ್ಚಿಟ್ಟಳು.

"ಕನ್ನಡಕ ಚೆನ್ನಾಗೈತೆ ಕಣಪ್ಪ. ಯಾರಾದ್ರೂ ಅಕ್ಕಿ ನೇಯಾಕೆ ಕರೆದ್ರೆ ಹೇಳು."

ಸಾಹೇಬರ ದಾರ

ಅಷ್ಟರಲ್ಲಿ ಒಂದು ಸೀರೆ ಮುಗಿದು ಯಜಮಾನರ ಪಾಲಾಗಿತ್ತು. ಉಳಿದದ್ದು ಒಂದೇ. ಮತ್ತೆ ಚಳ್ಳಕೆರೆಯ ಬಸ್ಸು ಹತ್ತಿದೆವು. ಈ ಸಲ ಪೇಟೆಯ ಓಣಿಯೊಂದರ ಹಳೆಯ ಅಂಗಡಿಗೆ. ಬೆಳ್ಳಿಗಡ್ಡದ ಸಾಹೇಬರು ಪರೀಕ್ಷೆಯ ಚೀಟಿಯನ್ನು ಓದಿ ಬದಿಗಿಟ್ಟು, ಈವರೆಗೆ ಯಾರೂ ಕೇಳದ, ನಾವೂ ಹೇಳದ ಸಂಗತಿಯನ್ನು ಕೇಳಿದರು: "ಅಮ್ಮಾ, ನೀವು ಮಾಡೋ ಕೆಲಸ ಏನ್ರಿ?"

"ಮಗ್ಗ ನೇಯ್ತೀನಿ ಸಾಹೇಬ್ರೇ."

"ಅರೇ! ಇದು ಪುಸ್ತಕದ ದೂರಕ್ಕೆ ಮಾಡಿರೋದು. ಮಗ್ಗ ಅದಕ್ಕಿಂತ ದೂರ ಐತೆ. ನಿಮ್ಮ ಮೂಗಿಂದ ಬಟ್ಟೆವರ್ಗೂ ದಾರ ಹಿಡಿದು ಗಂಟು ಹಾಕ್ಕೊಂಡು ಬನ್ರಿ."

ಅವರ ಮೇಜಿನ ಹಿಂದೆ ಮೊಳೆಯೊಂದಕ್ಕೆ ಹಲವು ದಾರಗಳು ಜೋತಾಡುತ್ತಿದ್ದವು: ದರ್ಜಿಯದೊಂದು, ಅಕ್ಕಸಾಲಿಯದೊಂದು, ಲಾರಿ ಮೆಕ್ಯಾನಿಕ್‌ನದು ಮಾತ್ರ ತಂತಿ. ಮರುದಿನ ಅಪ್ಪ ಅಳೆದುಕೊಟ್ಟ ರೇಷ್ಮೆ ದಾರ ಹಿಡಿದು ಹೋದೆವು. ಸಾಹೇಬರು ಗಂಟಿನಷ್ಟು ದೂರದಲ್ಲಿ ಸೀರೆಯ ತುಂಡೊಂದನ್ನಿಟ್ಟು ಗಾಜು ಬದಲಿಸುತ್ತ ಹೋದರು. ಐದನೆಯ ಗಾಜಿಗೆ ಅವ್ವ ಎಳೆಗಳನ್ನು ಬೆರಳಿಡದೆ ಎಣಿಸಿಬಿಟ್ಟಳು. ಸಾಹೇಬರು, "ಶಾಬಾಶ್!" ಎಂದರು.

ಸಂತೋಷದಿಂದ ಉಬ್ಬಿ ನಾನು, "ನನ್ನ ಬದುಕೆಲ್ಲ ಗ್ರಂಥಗಳೊಡನೆ. ನನ್ನ ಓದಿಗೂ ಒಂದು ದಾರ ಅಳೆಯಿರಿ" ಎಂದೆ.

ಅವರು ನನ್ನ ಬಗ್ಗಿದ ಕತ್ತನ್ನೂ ಅಂಗೈಯನ್ನೂ ನೋಡಿದರು. "ನಿಮಗೆ ದಾರ ಬ್ಯಾಡ ಬೇಟಾ. ಬಂದಾಗಿಂದ ಆ ಫೋನನ್ನ ಅಳತೆಗೆ ಸರಿಯಾಗೇ ಹಿಡ್ಕೊಂಡೀರಿ."

ಮಲಗಿದ ಗಿಳಿ

ಹೊಸ ಕನ್ನಡಕ ಬಂದಾಗ ಹಾಸಿನ ಕೊನೆಯ ಸೀರೆ ಅರ್ಧಕ್ಕೆ ಬಂದಿತ್ತು. ಅವ್ವ ಮಗ್ಗದಲ್ಲಿ ಕುಳಿತು, ನೇಯ್ದ ಬಟ್ಟೆಯನ್ನು ನೋಡಿ, ನನ್ನನ್ನು ಕೂಗಿದಳು.

"ಲೇ, ಬಾ ಇಲ್ಲಿ. ಈ ಗಿಳಿಗಳಿಗೆ ಕಣ್ಣೆಲ್ಲಿ?"

ನಾನೂ ನೋಡಿದೆ. ಒಂದಕ್ಕೂ ಕಣ್ಣಿರಲಿಲ್ಲ. ಕಣ್ಣೆಂದು ಅವಳು ಇಟ್ಟ ಜರಿಯ ಚುಕ್ಕಿ ಪ್ರತಿಸಲವೂ ಒಂದೆಳೆ ಜರುಗಿ ಕೊಕ್ಕಿನಲ್ಲಿ ಸೇರಿಹೋಗಿತ್ತು. ಯಜಮಾನರು ಒಯ್ದಿದ್ದ ಸೀರೆಯ ಗಿಳಿಗಳ ಗತಿಯೂ ಅದೇ ಆಗಿರಬೇಕು. "ಇನ್ನು ಗಿಳಿ ಮಾತು ಮುಗೀತು" ಎಂದು ಅವ್ವ ಕುಸಿದಳು. ಸತ್ಯವನ್ನು ನಾವಾಗಿಯೇ ಒಪ್ಪಿಕೊಳ್ಳಬೇಕೆಂದು ನಾನು ವಾದಿಸಿದೆ.

ಬೆಳಗಾಗುವುದರೊಳಗೆ ಯಜಮಾನರ ಬೈಕು ಬಾಗಿಲಲ್ಲಿತ್ತು. ಅವ್ವ ಕನ್ನಡಕ ಹಾಕಿಕೊಂಡು ಎದುರಿಗೆ ನಿಂತಳು.

"ಅಕ್ಕಾ, ಹೋದ ಸೀರೆ ಏನ್ ನೇಯ್ದಿದ್ರಿ! ಸೀರೆ ಅಂಗಡಿಯೋರು 'ಮಲಗಿದ ಗಿಳಿ' ಅಂತ ಹೆಸರಿಟ್ಟಾರೆ. ಅಂಥವೇ ಇನ್ನೂ ನಾಕು ಬೇಕಂತೆ. ಸಾದಾ ಸೀರೆ ಮಾತು ಬಿಟ್ಬಿಡ್ರಿ."

"ವಾಸ್ತವವಾಗಿ..." ಎಂದು ನಾನು ಬಾಯಿ ತೆರೆದೆ. ಅವ್ವ ನನ್ನ ಪಾದವನ್ನು ಮೆಟ್ಟಿದಳು. ಆಮೇಲೆ ಕನ್ನಡಕವನ್ನು ಮೂಗಿನ ಮೇಲೆ ನೆಟ್ಟಗೆ ಮಾಡಿಕೊಂಡಳು.

"ನೇಯ್ತೀನಣ್ಣ. ಆದ್ರೆ ಕೂಲಿ ಜಾಸ್ತಿ ಕೊಡ್ಬೇಕಾಗ್ತೈತೆ."

"ಯಾಕಕ್ಕಾ? ಕಣ್ಣಿಡೋ ಕೆಲಸಾನೇ ಇಲ್ವಲ್ಲ?"

"ಅವಾಗ ಅವು ತಾವೇ ಮಲಗ್ತಿದ್ವು ಅಣ್ಣ. ಈಗ ಒಂದೊಂದನ್ನೂ ನಾನು ಕಣ್ಣಾರೆ ನೋಡಿ ಮಲಗಿಸ್ಬೇಕು!"