ಪುಟ್ಟಮಾದಪ್ಪನ ಏಳು ನಿಮಿಷ

ಲೊಕ್ಕನಹಳ್ಳಿಯ ಪುಟ್ಟಮಾದಪ್ಪನ ಮಾತನ್ನು ಯಾರೂ ಪೂರ್ತಿ ಕೇಳಿದ್ದಿಲ್ಲ. ಮನೆಯಲ್ಲಿ ಬಾಯಿ ತೆರೆದರೆ ಹೆಂಡತಿ ಚನ್ನಾಜಮ್ಮನಿಗೆ ಒಲೆ ಮೇಲಿಟ್ಟ ಹಾಲು ನೆನಪಾಗುತ್ತಿತ್ತು. ಗ್ರಾಮಸಭೆಯಲ್ಲಿ ಎದ್ದು ನಿಂತರೆ, "ಕುಂತ್ಕೊ ಪುಟ್ಟಮಾದಪ್ಪ, ಆಮೇಲ್ ಏಳೀವಂತೆ" ಅನ್ನುತ್ತಿದ್ದರು. ಆ ಆಮೇಲೆ ಅನ್ನುವುದು ಅವನಿಗೆ ಐವತ್ತೆರಡು ವರ್ಷವಾದರೂ ಬಂದಿರಲಿಲ್ಲ.

ಅಂಥವನ ಮಾತನ್ನು ಹೋದ ತಿಂಗಳು ರೇಡಿಯೋದವರು ಬಂದು ರೆಕಾರ್ಡ್ ಮಾಡಿಕೊಂಡು ಹೋಗಿದ್ದರು. ಕಾಡಂಚಿನವರ ಜೋಳವೆಲ್ಲ ಆನೆಯ ಪಾಲಾಗಿದ್ದ ವರ್ಷ ಇವನೊಬ್ಬನ ಎರಡೆಕರೆ ಉಳಿದಿತ್ತು. ಅದು ಹೇಗೆ ಅಂತ ದಿವ್ಯ ಅನ್ನುವ ಹೆಣ್ಣುಮಗಳು ಮೈಕು ಹಿಡಿದು ಕೇಳಿದಳು. ಇವನು ಏಳು ನಿಮಿಷ ಮಾತಾಡಿದ. ಒಂದು ಸಲವೂ ಆಕೆ ಅಡ್ಡಬಾಯಿ ಹಾಕಲಿಲ್ಲ. ಆಕೆ ಹೋದಮೇಲೆ ಪುಟ್ಟಮಾದಪ್ಪ ಕೊಟ್ಟಿಗೆಯಲ್ಲಿ ನಿಂತು ಅತ್ತದ್ದು ಎತ್ತುಗಳಿಗೆ ಮಾತ್ರ ಗೊತ್ತು.

ಇವತ್ತು ಸಂಜೆ ಆರು ಐವತ್ತಕ್ಕೆ ಅದರ ಪ್ರಸಾರ. ಕೇಳಬನ್ನಿ ಅಂತ ಬೀದಿಯವರನ್ನೆಲ್ಲ ಜಗಲಿಗೆ ಕರೆದಿದ್ದ. ಫೋನಿಗೆ ಟವರ್ ನಿಲ್ಲದ ಬೀದಿ ಅದು. ಹಾಗಾಗಿ ಅಟ್ಟದಿಂದ ಅಪ್ಪನ ಕಾಲದ ರೇಡಿಯೋ ಇಳಿಸಿ, ಹೊಸ ಸೆಲ್ ಹಾಕಿ, ಮಧ್ಯಾಹ್ನ ಮೂರಕ್ಕೆ ಕಿವಿ ತಿರುಪಿದ. ಒಳಗಿಂದ ಗುಂಯ್ ಅಂತ ಒಂದು ಸದ್ದು, ಅದರ ಮೇಲೆ ಕೀ ಅಂತ ಇನ್ನೊಂದು. ಮಾತಾಡುವವರ ದನಿ ಇವೆರಡರ ಅಡಿಯಲ್ಲಿ ಸಿಕ್ಕಿ ನರಳುತ್ತಿತ್ತು. ರೇಡಿಯೋದಲ್ಲೂ ನನ್ನ ಮಾತು ಯಾರಿಗೂ ಕೇಳದೆ ಹೋಗುತ್ತದೆ ಅನ್ನಿಸಿತು ಪುಟ್ಟಮಾದಪ್ಪನಿಗೆ.

ಎದುರುಮನೆಯ ಮಹದೇವಪ್ಪ ರಿಟೈರಾದ ಲೈನ್‌ಮನ್. ಸದ್ದು ಕೇಳಿ ಆಗಲೇ ಬಂದ.

"ರೇಡಿಯೋ ಕೆಟ್ಟಿಲ್ಲ ಕಣ್ಲಾ. ಈಗಿನ್ ಬಲ್ಬು, ಚಾರ್ಜರು ಇವೆಲ್ಲ ಇಂಗೇ ಗಲಾಟೆ ಎಬ್ಬಿಸ್ತವೆ. ಕೈಲಿ ಇಡ್ಕಂಡು ಬೀದೀಲಿ ನಡಿ. ಯಾವ ಮನೆ ಮುಂದೆ ಜಾಸ್ತಿ ಅರಚ್ತದೋ ಅಲ್ಲೇ ಅದೆ ಅಂತ ತಿಳ್ಕೊ."

ಪುಟ್ಟಮಾದಪ್ಪ ಮೊದಲು ತನ್ನ ಮನೆಯ ಮೇನ್ ಸ್ವಿಚ್ಚನ್ನೇ ಆಫ್ ಮಾಡಿದ. ರೇಡಿಯೋದ ಗಲಾಟೆ ಒಂದಿಷ್ಟೂ ತಗ್ಗಲಿಲ್ಲ. ನಿಂತದ್ದು ಚನ್ನಾಜಮ್ಮನ ಮಿಕ್ಸಿ. ಅರ್ಧ ರುಬ್ಬಿದ ಖಾರದ ಮುಂದೆ ನಿಂತು ಆಕೆ ಏನೇನು ಅಂದಳೋ, ಅದನ್ನು ಕೇಳಿಸಿಕೊಳ್ಳದೆ ಬೀದಿಗಿಳಿದ.

ಪಕ್ಕದ ಮನೆ ಪುಷ್ಪಳ ಕಿಟಕಿ ಹತ್ತಿರ ಕೀ ಅನ್ನುವುದು ಕಿವಿ ಹರಿಯುವಷ್ಟಾಯಿತು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಚಾರ್ಜರ್ರು. ಕಿತ್ತ ಕೂಡಲೇ ಸದ್ದು ನಿಂತಿತು.

"ನಿಲ್ಸುದ್ರಿ ಸರಿ ಅಣ್ಣ. ಫೋನ್ ತೋರ್ಸ್ದಿದ್ರೆ ನಮ್ ಮಗ ಉಣ್ಣಲ್ಲ. ಈಗ ನೀವೇ ಉಣ್ಸಿ" ಅಂದಳು ಪುಷ್ಪ.

ಒಂದು ಕೈಯಲ್ಲಿ ರೇಡಿಯೋ, ಸೊಂಟದ ಮೇಲೆ ಅಳುವ ಮಗು, ಹೆಗಲ ಮೇಲೆ ಅದು ಉಗಿದ ಮೊಸರನ್ನ. ಹೀಗೆ ಅರ್ಧ ಗಂಟೆ ಬೀದಿ ಅಳೆದಮೇಲೆ ಗುಂಯ್ ಅನ್ನುವುದರ ಮೂಲ ಸಿಕ್ಕಿತು. ಅದು ಮಹದೇವಪ್ಪನ ಜಗಲಿಯಲ್ಲಿ ಹಗಲೂ ಉರಿಯುವ ಎಲ್‌ಇಡಿ ಬಲ್ಬು.

ಮಹದೇವಪ್ಪನ ಮುಖ ಗಂಟಾಯಿತು. "ಇಪ್ಪತ್ತೆಂಟ್ ವರ್ಸ ಊರ್ಗೆಲ್ಲ ಬೆಳಕು ಕೊಟ್ಟವ್ನು ನಾನು. ನನ್ ಮನೇನೇ ಕತ್ಲೆ ಮಾಡ್ಲಾ?"

"ಇದೊಂದ್ ದಿನ ಅಣ್ಣ. ಕೈ ಮುಗೀತೀನಿ" ಅಂದ ಪುಟ್ಟಮಾದಪ್ಪ. ನಿಜವಾಗಿಯೂ ಕೈ ಮುಗಿದ, ಮಗು ಜಾರುತ್ತಿದ್ದರೂ.

ಮನೆಮನೆಯಲ್ಲೂ ಹೀಗೇ ಕೈ ಮುಗಿದು ಮೇನ್ ಸ್ವಿಚ್ ಆಫ್ ಮಾಡಿಸಿದ. ಆರೂವರೆ ಹೊತ್ತಿಗೆ ಇಡೀ ಬೀದಿ ಕತ್ತಲು. ಯಾವ ಮನೆಯಲ್ಲೂ ಟಿವಿ ಇಲ್ಲ, ಫ್ಯಾನಿಲ್ಲ. ಮಾಡಲು ಬೇರೆ ಕೆಲಸವಿಲ್ಲದೆ ಎಲ್ಲರೂ ಅವನ ಜಗಲಿಗೆ ಬಂದು ಕೂತರು. ರೇಡಿಯೋದಲ್ಲಿ ಈಗ ಒಂದೇ ಒಂದು ಸದ್ದು ಉಳಿದಿತ್ತು. ಟಕ್. ಒಂದು ಉಸಿರು ಬಿಟ್ಟು ಮತ್ತೆ ಟಕ್. ಎರಡು ಮಾತಿಗೊಂದು ಮಾತನ್ನು ಅದು ನುಂಗುತ್ತಿತ್ತು.

ರೇಡಿಯೋ ಹಿಡಿದು ಹುಡುಕುತ್ತಾ ಹೋದ ಪುಟ್ಟಮಾದಪ್ಪ ತನ್ನ ಕೊಟ್ಟಿಗೆಯಲ್ಲೇ ನಿಂತ. ಗೋಡೆಯಲ್ಲಿ ಅವನ ಸೋಲಾರ್ ಬೇಲಿಯ ಮಿಷನ್ನು. ಬ್ಯಾಟರಿಯಲ್ಲಿ ಓಡುವುದು, ಮೇನ್ ಸ್ವಿಚ್ಚಿಗೂ ಅದಕ್ಕೂ ಸಂಬಂಧವಿಲ್ಲ. ಹಿತ್ತಲ ಹೊಲದ ಸುತ್ತ ಎಳೆದ ತಂತಿಗೆ ಕ್ಷಣಕ್ಕೊಂದು ಪೆಟ್ಟು ಕೊಡುತ್ತಾ ಆನೆಗಳನ್ನು ಆಚೆ ಇಟ್ಟದ್ದು ಅದೇ.

"ತಂತಿಗೆ ಗಿಡ ತಾಗಿ ಕಿಡಿ ಸಿಡೀತಾವೆ. ಅದ್ರ ಸದ್ದು ಇದು" ಅಂದ ಹಿಂದೆಯೇ ಬಂದ ಮಹದೇವಪ್ಪ. "ಗಿಡ ಸವರ್ಬುಟ್ರೆ ನಿಂತೋಯ್ತದೆ. ಎರಡ್ ದಿನದ್ ಕೆಲ್ಸ."

ಪ್ರಸಾರಕ್ಕೆ ಮೂರು ನಿಮಿಷವಿತ್ತು. ಪುಟ್ಟಮಾದಪ್ಪನ ಕೈ ಸ್ವಿಚ್ಚಿನ ಮೇಲೆ ಹೋಯಿತು.

"ಬ್ಯಾಡಿ" ಅಂದಳು ಚನ್ನಾಜಮ್ಮ. "ಜೋಳದ್ ತೆನೇಲಿ ಆಲ್ ಕಟ್ಕಂಡದೆ. ಆನೆ ಬರೊ ಒತ್ತು."

"ಏಳೇ ನಿಮಿಷ ಕಣಮ್ಮಿ. ಈ ಜಲ್ಮದಲ್ಲಿ ಒಂದ್ ದಪ ನನ್ ಮಾತ್ ಕೇಳು."

ಅವನ ಮುಖ ನೋಡಿ ಆಕೆ ಪಕ್ಕಕ್ಕೆ ಸರಿದಳು. ಇವನು ಸ್ವಿಚ್ ಆರಿಸಿದ.

ರೇಡಿಯೋ ತೊಳೆದಿಟ್ಟ ಹಾಗಾಯಿತು. "ನಮಸ್ಕಾರ. ನನ್ ಎಸ್ರು ಪುಟ್ಟಮಾದಪ್ಪ" ಅಂತ ಒಳಗಿಂದ ಬಂದಾಗ ಜಗಲಿಯಲ್ಲಿ ಯಾರೂ ಮಿಸುಕಲಿಲ್ಲ. ಮಗು ಕೂಡ ಬಾಯಿ ತೆರೆದುಕೊಂಡು ಕೇಳುತ್ತಿತ್ತು. ಇದಕ್ಕಾಗಿಯೇ ಹುಟ್ಟಿದ್ದೆನೇನೋ ಅನ್ನಿಸಿತು ಪುಟ್ಟಮಾದಪ್ಪನಿಗೆ.

"ಬೇಲಿ ಮಿಷನ್ನ ಒಂದ್ ನಿಮಿಷನೂ ಆರಿಸ್ಬಾರ್ದು ಕಣ್ರಿ" ಅಂದಿತು ರೇಡಿಯೋ. "ಆನೆ ದಿನಾ ಬಂದು ತಂತಿ ಮುಟ್ಟಿ ನೋಡ್ತದೆ. ಯಾವತ್ ಇವನು ಆರಿಸ್ತಾನೆ ಅಂತ ಕಾಯ್ತಾ ಇರ್ತದೆ."

"ಎಂಥಾ ಮಾತು" ಅಂದ ಮಹದೇವಪ್ಪ, ತಲೆದೂಗಿ.

ಆಗ ಹಿತ್ತಲ ಕಡೆಯಿಂದ ಜೋಳದ ದಂಟು ಮುರಿಯುವ ಸದ್ದು ಕೇಳಿಸಿತು. ಬೀದಿಯೆಲ್ಲ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಪುಟ್ಟಮಾದಪ್ಪನಿಗೆ ಅದು ಪಕ್ಕದಲ್ಲೇ ಮುರಿದಂತಾಯಿತು. ಇನ್ನೊಂದು. ಆಮೇಲೆ ಸಾಲುಸಾಲು.

ಚನ್ನಾಜಮ್ಮ ಅವನ ತೋಳು ಹಿಡಿದಳು. "ಆನ್ ಮಾಡ್ಲಾ?"

ಉತ್ತರ ಕೊಟ್ಟದ್ದು ರೇಡಿಯೋ. "ಆನೆ ಒಳಕ್ ಬಂದ್ಮೇಲೆ ಆನ್ ಮಾಡ್ಬ್ಯಾಡಿ. ಆಚೆಗ್ ಓಗಕ್ಕೆ ದಾರಿ ಸಿಗ್ದೆ ಪೂರಾ ತುಳ್ದಾಕ್ಬುಡ್ತದೆ. ಊರೋರ್ನ ಕರ್ದು, ಎಲ್ರೂ ಕೂಗಿ ಓಡಿಸ್ಬೇಕು."

ಪುಟ್ಟಮಾದಪ್ಪ ಎದ್ದು ನಿಂತ. "ಅಣ್ಣ, ಅಕ್ಕ, ಇಲ್ಕೇಳಿ. ನಮ್ ಒಲ್ದಲ್ಲಿ..."

"ಶ್" ಅಂದಿತು ಇಡೀ ಜಗಲಿ.

"ಕುಂತ್ಕೊಳ್ಲಾ" ಅಂದ ಮಹದೇವಪ್ಪ, ರೇಡಿಯೋದಿಂದ ಕಣ್ಣು ತೆಗೆಯದೆ. "ಪುಟ್ಟಮಾದಪ್ಪ ಮಾತಾಡ್ತಾವ್ನೆ. ಆಮೇಲ್ ಏಳೀವಂತೆ."