ಇನ್ನೂರು ಗಿಳಿ ಕೊಟ್ಟು ಇನ್ನೂರು ಮೊಲ

ಅಂಗಳದಲ್ಲಿ ಮೂರು ಕಲ್ಲು ಹೂಡಿದ ಒಲೆಯ ಮೇಲೆ ವಾಗ್ದೇವಿ ದೋಸೆ ಎರೆಯುತ್ತಿದ್ದಾಗ, ಆಕೆಯ ಗಂಡ, ವಾಮದಪದವಿನ ವಿಜ್ಞಾನದ ಮಾಸ್ತರರಾದ ಉದಯಶಂಕರರು ಎರಡನೆಯ ಲೋಟ ಕಾಫಿ ಮುಗಿಸಿ ಘೋಷಿಸಿದರು:

"ನಮ್ಮ ಹೊಸ ಅಡುಗೆಮನೆಗೆ ಹೊಸ ಸಾಮಾನು ಒಂದೂ ಬರುವುದಿಲ್ಲ! ಊರವರೆಲ್ಲ ಹಂಚಿನ ಮನೆ ಕೆಡವಿ ಟೆರೇಸು ಹಾಕ್ತಾ ಇದ್ದಾರೆ. ಅವರು ಬಿಟ್ಟದ್ದರಲ್ಲೇ ನಾನು ಕಟ್ಟಿಸ್ತೇನೆ. ಪದಾರ್ಥಕ್ಕೆ ನಾಶ ಎಂಬುದೇ ಇಲ್ಲ, ಗೊತ್ತುಂಟಾ?"

"ಪತ್ತನಾಜೆಗೆ ಇನ್ನು ಹನ್ನೆರಡೇ ದಿನ," ಎಂದಳು ವಾಗ್ದೇವಿ. "ಆಮೇಲೆ ಮಳೆ ಹಿಡಿದರೆ ಈ ಒಲೆಗೆ ನಾಶ ಉಂಟು."

ಅದು 1979ರ ಮೇ ತಿಂಗಳು; ತುಳುನಾಡಿನವರು ಮಳೆಗಾಲದ ಗಡಿ ಎಂದು ಎಣಿಸುವ ಪತ್ತನಾಜೆ ಹತ್ತಿರವಾಗಿತ್ತು. ಹಳೆಯ ಅಡುಗೆಮನೆಯನ್ನು ಕೆಡವಿ, ಅದೇ ಕೆಂಪುಕಲ್ಲಿನಿಂದ ಹೊಸ ಗೋಡೆ ಎದ್ದಾಗಿತ್ತು. ಮೂಡುಬಿದಿರೆಯ ಒಂದು ಹಳೆ ಮನೆಯಿಂದ ನಾನೂರು, ಮಿಜಾರಿನ ಇನ್ನೊಂದರಿಂದ ಇನ್ನೂರು ಹಂಚುಗಳು ಲಾರಿಯಲ್ಲಿ ಬಂದಿಳಿದವು. ಬಡಗಿ ರುಕ್ಮಯ್ಯ ಹಂಚು ಕೂರುವ ಮರದ ಪಟ್ಟಿಗಳಾದ ಹಳೆಯ ರೀಪುಗಳನ್ನೇ ಅಡ್ಡಕ್ಕೆ ಹೊಡೆದು, ಇಳಿಜಾರು ಮಾಡಿನ ಒಂದು ಬದಿಗೆ ಮುನ್ನೂರು ಹಂಚು ಹೊದೆಸಿದ. ಇನ್ನೊಂದು ಬದಿಗೆ ನೂರು ಹೊದೆಸಿ ಕೈ ನಿಲ್ಲಿಸಿದ.

"ಮಾಸ್ಟ್ರೇ, ಉಳಿದದ್ದು ಕೂರುವುದಿಲ್ಲ."

"ಯಾಕೆ? ಅದು ಹಂಚಲ್ಲವಾ?"

"ಮೂಡುಬಿದಿರೆಯದ್ದು ಮೊಲದ ಗುರುತು, ಮಿಜಾರಿನದ್ದು ಗಿಳಿ. ಒಂದೊಂದು ಕಾರ್ಖಾನೆಗೆ ಒಂದೊಂದು ಅಚ್ಚು ಮಾರಾಯ್ರೇ. ಇದರ ಅಂಚು ಅದರ ಅಂಚಿಗೆ ಸೇರುವುದಿಲ್ಲ. ಒತ್ತಾಯದಲ್ಲಿ ಕೂರಿಸಿದರೆ ನೀರೆಲ್ಲ ಒಳಗೆ!"

ಸಮಸ್ಯೆ ಸರಳವಾಗಿತ್ತು: ಬೇಕಾದದ್ದು ಇನ್ನೂರು ಮೊಲ, ಕೈಯಲ್ಲಿದ್ದದ್ದು ಇನ್ನೂರು ಗಿಳಿ.

ಮಾಸ್ತರರು ದಿಗ್ವಿಜಯಕ್ಕೆ ಹೊರಟರು. ಮಾದರಿಗೆ ಒಂದು ಮೊಲದ ಹಂಚನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಕೂತರು. "ಮಗುವಿಗೆ ಅರ್ಧ ಟಿಕೆಟಾ ಮಾಸ್ಟ್ರೇ?" ಎಂದ ಕಂಡಕ್ಟರ್. ನಾಲ್ಕು ದಿನ, ಮಗಳಿಗೆ ಗಂಡು ಹುಡುಕುವವರಂತೆ, ಕಂಡಕಂಡವರ ಮಾಡಿನ ಕೆಳಗೆ ಕತ್ತೆತ್ತಿ ನಿಂತರು. ಐದನೆಯ ದಿನ ಮೆಲ್ಕಾರಿನಲ್ಲಿ, ಬೀಪಾತುಮ್ಮನ ಬಚ್ಚಲುಕೊಟ್ಟಿಗೆಯ ಮೇಲೆ, ಮೊಲಗಳ ಹಿಂಡೇ ಕಂಡಿತು!

"ತೆಗೆದುಕೊಳ್ಳಿ ಮಾಸ್ಟ್ರೇ, ನನಗೆ ಮೊಲವೂ ಒಂದೇ, ಗಿಳಿಯೂ ಒಂದೇ," ಎಂದರು ಬೀಪಾತುಮ್ಮ. "ಆದರೆ ನನ್ನ ಬಚ್ಚಲಿಗೆ ಮಾಡು ಕೂತ ಮೇಲೆಯೇ ಮೊಲ ಅಂಗಳ ದಾಟುವುದು. ಮನೆಯಲ್ಲಿ ಮೂವರು ಸೊಸೆಯಂದಿರು ಇದ್ದಾರೆ."

"ಬೆಳಿಗ್ಗೆ ತೆಗೆಸಿ ಸಂಜೆಯೊಳಗೆ ಹೊದೆಸಿ ಕೊಡ್ತೇನೆ!"

ಮರುದಿನ ರುಕ್ಮಯ್ಯ ಮೊಲಗಳನ್ನು ಇಳಿಸಿದ. ಗಿಳಿಗಳನ್ನು ಕೂರಿಸಹೋದರೆ, ಆ ರೀಪುಗಳ ಅಂತರ ಮೊಲದ ಅಳತೆಯದ್ದು. ಕಿತ್ತು ಹೊಡೆಯೋಣವೆಂದರೆ, ಗೆದ್ದಲು ತಿಂದ ರೀಪುಗಳು ಕೈಯಲ್ಲೇ ಪುಡಿಯಾದವು. ಮರದ ಮಿಲ್ಲಿನಲ್ಲಿ ಕೇಳಿದರೆ, ಮಳೆಗೆ ಮೊದಲಿನ ನೂಕುನುಗ್ಗಲು. ಒಂದು ವಾರ ಕಾಯಬೇಕಂತೆ.

ಬೀಪಾತುಮ್ಮ ಸೊಂಟಕ್ಕೆ ಕೈಕೊಟ್ಟು, ಬಚ್ಚಲಿನ ಮೂಲಕ ಆಕಾಶ ನೋಡಿದರು. "ಇವತ್ತು ಸೊಸೆಯಂದಿರು ಎಲ್ಲಿ ಮೀಯುವುದು ಮಾಸ್ಟ್ರೇ? ನಿಮ್ಮ ಶಾಲೆಯಲ್ಲಾ?"

ಮಾಸ್ತರರಿಗೆ ಹೊಳೆದದ್ದು ಒಂದೇ ದಾರಿ. ಬಚ್ಚಲಿಗೆ ಸದ್ಯಕ್ಕೆ ಟಾರ್ಪಾಲು ಕಟ್ಟಿಸಿ ಮನೆಗೆ ಓಡಿದರು. ತಮ್ಮ ಅಡುಗೆಮನೆಯ ಎರಡನೆಯ ಬದಿಗೆ ಹೊದೆಸಿದ್ದ ನೂರು ಹಂಚನ್ನು ಇಳಿಸಿ, ರೀಪುಗಳನ್ನು ಕೀಳಿಸಿ, ಕಟ್ಟು ಕಟ್ಟಿಸಿದರು.

"ಇವರೇ, ನಮ್ಮ ಮಾಡು ಎಲ್ಲಿಗೆ ಹೊರಟಿತು?" ವಾಗ್ದೇವಿ ಕೇಳಿದಳು.

"ಮೆಲ್ಕಾರಿಗೆ. ತಾತ್ಕಾಲಿಕ!"

"ವಾಪಸು ಬರುವಾಗ ಯಾವ ಬಸ್ಸು?"

ಪತ್ತನಾಜೆಯ ಹಿಂದಿನ ದಿನ, ಬೀಪಾತುಮ್ಮನ ಬಚ್ಚಲಿನ ಮೇಲೆ ಇನ್ನೂರು ಗಿಳಿಗಳು ಒಂದು ಹನಿ ಸೋರದಂತೆ ಕೂತವು. ಮಾಸ್ತರರ ಅಂಗಳದಲ್ಲಿ ಮುನ್ನೂರು ಮೊಲಗಳು ಸಾಲಾಗಿ ಕೂತವು. ಹೊದೆಸಲು ರೀಪು ಮಾತ್ರ ಇರಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಗುಡುಗಿತು. ಒಂದು ಗಂಟೆಗೆ ಸುರಿಯಿತು!

ವಾಗ್ದೇವಿ ಅಷ್ಟರಲ್ಲಿ ಒಲೆಯನ್ನು ಅಡುಗೆಮನೆಯ ಹಂಚಿದ್ದ ಬದಿಗೆ ಸಾಗಿಸಿದ್ದಳು. ಅಲ್ಲೇ ತನಗೊಂದು ಎಲೆ ಹಾಕಿಕೊಂಡಳು. ಗಂಡನ ಎಲೆಯನ್ನು ಬಯಲಾಗಿದ್ದ ಬದಿಗೆ ಹಾಕಿ, ಮಣೆಯಿಟ್ಟು, ಕೈಗೆ ಕೊಡೆ ಕೊಟ್ಟಳು.

"ಇಲ್ಲಿಯಾ?" ಎಂದರು ಮಾಸ್ತರರು.

"ಮತ್ತೆಲ್ಲಿ? ಆ ಬದಿಯ ಮಾಡು ದಾನ ಮಾಡಿದ್ದು ನೀವಲ್ಲವಾ? ಕೂತುಕೊಳ್ಳಿ. ಸಾರು ತೆಳ್ಳಗಾಯಿತು ಅಂತ ಮಾತ್ರ ನನಗೆ ಹೇಳಬೇಡಿ."

ಜಗಲಿಯಲ್ಲಿ ಊಟಕ್ಕೆ ಕೂತಿದ್ದ ರುಕ್ಮಯ್ಯ ಕೆಮ್ಮಿದಂತೆ ಮಾಡಿದ.

ಮಾಸ್ತರರು ಎಡಗೈಯಲ್ಲಿ ಕೊಡೆ ಹಿಡಿದು ಊಟ ಮುಗಿಸಿದರು. ಮೂರು ಗಂಟೆಯ ಬಸ್ಸಿನಲ್ಲಿ ಬಂಟ್ವಾಳಕ್ಕೆ ಹೋಗಿ, ಮರದ ಮಿಲ್ಲಿನಲ್ಲಿ ಹೊಸ ರೀಪಿಗೆ ಹೆಸರು ಬರೆಸಿದರು. ಅವರಿಗಿಂತ ಮುಂದೆ ಇಪ್ಪತ್ತಾರು ಮಂದಿ ಇದ್ದರು.